ಚಿಂಚೋಳಿ ಕಾಡಿನಲ್ಲಿ ಒಂದು ರಾತ್ರಿ ಟೆಂಟ್ ಹಾಕಲು ಯಾರನ್ನು ಕೇಳಬೇಕು?

ಸಂಪಾದಕರೇ,

ಡಿಸೆಂಬರ್ ರಜೆಯಲ್ಲಿ ಎರಡು ರಾತ್ರಿ ನೀರಿನ ದಂಡೆ ಮೇಲೆ ಟೆಂಟ್ ಹಾಕಿ ಮಲಗಬೇಕು ಅಂತ ನಮ್ಮ ಮನೆ ಮಕ್ಕಳು ಹಟ ಹಿಡಿದು ಎರಡು ತಿಂಗಳಾಯಿತು. ಟೆಂಟ್ ಬಂತು. ಅದನ್ನು ಮಾಳಿಗೆ ಮೇಲೆ ಕಟ್ಟಿ, ಒಳಗೆ ಕೂತು ಚಹಾ ಕುಡಿದದ್ದೂ ಆಯಿತು. ಒಂದು ಮೂಲೆಗೆ ರೊಟ್ಟಿ ಹಿಟ್ಟಿನ ಡಬ್ಬಿ, ಇನ್ನೊಂದಕ್ಕೆ ಹಳೇ ಒರಳುಕಲ್ಲು ಇಟ್ಟರೂ ಗಾಳಿಗೆ ಎದ್ದು ಪಕ್ಕದ ಮನೆಯವರ ನೀರಿನ ಟ್ಯಾಂಕಿಗೆ ಹೋಗಿ ತಗುಲಿತು. ಇಷ್ಟೆಲ್ಲ ಆಗಿದೆ, ಕಾಡಿಗೆ ಮಾತ್ರ ಇನ್ನೂ ಹೋಗಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಪತ್ರ.

ಈ ಹುಚ್ಚು ಹತ್ತಿಸಿದವನು ನನ್ನ ಮೈದುನ. ಅವನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಈ ಬೇಸಿಗೆಯಲ್ಲಿ ಹೆಂಡತಿ, ಮಗಳ ಜೊತೆ ಅಲ್ಲಿನ ಇಟಾಸ್ಕಾ ಸ್ಟೇಟ್ ಪಾರ್ಕಿಗೆ ಹೋಗಿ ಮೂರು ರಾತ್ರಿ ಇದ್ದು ಬಂದ. 1891ರಲ್ಲಿ ಆದ ಪಾರ್ಕು ಅದು, ಒಳಗೆ ನೂರಕ್ಕೂ ಹೆಚ್ಚು ಕೆರೆಗಳಿವೆ, ಮಿಸಿಸಿಪ್ಪಿ ನದಿ ಹೊರಡುವುದೂ ಅಲ್ಲಿನ ಒಂದು ಕೆರೆಯಿಂದಲೇ. ಅಷ್ಟು ದೊಡ್ಡ ನದಿಯನ್ನು ಅವನ ಮಗಳು ಕಲ್ಲಿನ ಮೇಲೆ ಕಾಲಿಡುತ್ತಾ ದಾಟುವ ವಿಡಿಯೊ ಕಳಿಸಿದ್ದ, ನಮ್ಮ ಹುಡುಗರು ಅದನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ.

ನನಗೆ ಹೊಟ್ಟೆಕಿಚ್ಚಾದದ್ದು ಕೆರೆ ನೋಡಿ ಅಲ್ಲ. ಅವನು ಇದಕ್ಕೆಲ್ಲ ತಯಾರಿ ಮಾಡಿಕೊಂಡ ರೀತಿ ಕೇಳಿ. ನಾಲ್ಕು ತಿಂಗಳು ಮೊದಲೇ ಮನೆಯಲ್ಲಿ ಕೂತು ಜಾಗ ಬುಕ್ ಮಾಡಬಹುದಂತೆ. ಪ್ರತಿ ಟೆಂಟಿನ ಜಾಗಕ್ಕೂ ಒಂದು ನಂಬರ್. ಬೆಂಕಿ ಹಾಕಬೇಕೆಂದರೆ ಅದಕ್ಕೆ ಅಂತಲೇ ಇರುವ ಕಬ್ಬಿಣದ ಬಳೆಯೊಳಗೇ ಹಾಕಬೇಕು. ಸೌದೆಯನ್ನು ಮನೆಯಿಂದ ಒಯ್ಯುವ ಹಾಗಿಲ್ಲ, ಅದರ ಜೊತೆ ಮರ ತಿನ್ನುವ ಹುಳ ಬಂದು ಕಾಡಿಗೆ ಸೇರಿಕೊಳ್ಳುತ್ತವೆ ಅಂತ, ಅಲ್ಲೇ ಒಪ್ಪಿಗೆ ಪಡೆದವರ ಹತ್ತಿರ ಕೊಳ್ಳಬೇಕು. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಗದ್ದಲ ಮಾಡೋ ಹಾಗಿಲ್ಲ. ಇವಿಷ್ಟೂ ಒಂದೇ ಕಡೆ ಬರೆದಿದೆ. ಅದನ್ನು ಓದಿಕೊಂಡೇ ಅವನು ಸಾಮಾನು ಕಟ್ಟಿದ್ದು.

ಅಮೆರಿಕ ಬಿಡ್ರಿ, ಅದರ ಮಾತೇ ಬೇರೆ ಅಂತ ನಾನೂ ಸುಮ್ಮನಿರುತ್ತಿದ್ದೆ. ಆದರೆ ನನ್ನ ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಇಟಾಸ್ಕಾ 32 ಸಾವಿರ ಎಕರೆಗೆ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 130 ಚದರ ಕಿಲೋಮೀಟರ್. ನಮ್ಮ ಚಿಂಚೋಳಿ ವನ್ಯಧಾಮ 134.88 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಅಷ್ಟೇ ಅಲ್ವಾ! ಕಲಬುರಗಿ ಅಂದರೆ ಬಿಸಿಲು, ತೊಗರಿ, ಕಲ್ಲುಹಾಸು ಅಷ್ಟೇ ಅಂದುಕೊಂಡವರಿಗೆ ಹೇಳುತ್ತೇನೆ, ನಮ್ಮ ಜಿಲ್ಲೆಯಲ್ಲೇ, ತೆಲಂಗಾಣದ ಗಡಿಗೆ ಹತ್ತಿಕೊಂಡು ತೇಗ, ರಕ್ತಚಂದನ ಇರುವ ಕಾಡಿದೆ, ತೋಳ ಇದೆ, ಕತ್ತೆಕಿರುಬ ಇದೆ, ಚಂದ್ರಂಪಳ್ಳಿ ಡ್ಯಾಮಿನ ನೀರಿದೆ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ಧುಮುಕುತ್ತದೆ. 2011ರಲ್ಲಿ ವನ್ಯಧಾಮ ಅಂತ ಘೋಷಣೆಯಾಯಿತು, ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಅಂತಾರೆ.

ಮೊದಲು ಮನೆಯವರು ಬೋನಾಳ ಕೆರೆ ಅಂದಿದ್ದರು, ಅವರ ಊರು ಸುರಪುರದ ಕಡೆ. ಆದರೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಅವುಗಳ ನಡುವೆ ನಮ್ಮ ಟೆಂಟ್ ಯಾಕೆ, ಹಗಲು ಹೋಗಿ ದೂರದಿಂದ ನೋಡಿ ಬಂದರೆ ಚೆಂದ. ಹಾಗಾಗಿ ಚಿಂಚೋಳಿಯೇ ಅಂತಾಯಿತು.

ಇನ್ನು ಕೇಳೋ ಕೆಲಸ. ಎರಡು ಕಚೇರಿಗೆ ಹೋದೆವು, ಯಾವುವು ಅಂತ ಬರೆಯುವುದಿಲ್ಲ, ಅಲ್ಲಿದ್ದವರು ಕೆಟ್ಟವರೇನಲ್ಲ. ಮೊದಲನೆಯ ಕಡೆ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ" ಅಂದರು. ಎರಡನೆಯ ಕಡೆ ಒಬ್ಬರು ಹಳೇ ಮದುವೆ ಕಾರ್ಡಿನ ಹಿಂದೆ ಒಂದು ಮೊಬೈಲ್ ನಂಬರ್ ಬರೆದುಕೊಟ್ಟರು. ನಾಲ್ಕು ದಿನ ಹಚ್ಚಿದೆ, ಸ್ವಿಚ್ ಆಫ್. ಆ ಕಡೆಯ ಪರಿಚಯದವರನ್ನು ಕೇಳಿದರೆ, ಉಳಿಯಲು ಕೋಣೆ ಇವೆ ಅಂತ ಒಬ್ಬರು, ಇದ್ದವು ಈಗಿಲ್ಲ ಅಂತ ಇನ್ನೊಬ್ಬರು, ರಾತ್ರಿ ಯಾರನ್ನೂ ಬಿಡೋದಿಲ್ಲ ಅಂತ ಮತ್ತೊಬ್ಬರು. ಕೊನೆಗೆ ಒಬ್ಬರು ನಕ್ಕು ಹೇಳಿದರು, "ಯಾಕ ಕೇಳ್ಕೋತ ಕುಂತೀರಿ ಅಕ್ಕೋರೆ, ಸುಮ್ನ ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ."

ಈ ಮಾತೇ ನನಗೆ ಚುಚ್ಚಿದ್ದು. ಯಾಕೆಂದರೆ ಹಾಗೆ ಸುಮ್ನೆ ಹೋದವರ ಗುರುತನ್ನು ನಾವು ನೋಡಿದ್ದೇವೆ. ದೀಪಾವಳಿ ಮುಂದೆ ಒಂದು ಭಾನುವಾರ ಜಾಗ ನೋಡಿ ಬರೋಣ ಅಂತ ಹಗಲು ಆ ಕಡೆ ಹೋಗಿದ್ದೆವು. ನೀರಿನ ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮೂರು ಕಲ್ಲಿನ ಒಲೆ, ಕಲ್ಲು ಒಳಗಡೆಯಿಂದ ಕಪ್ಪಾಗಿದ್ದವು. ಬೂದಿ ಮೇಲೆ ಅರ್ಧ ಸುಟ್ಟ ಥರ್ಮೋಕೋಲ್ ತಟ್ಟೆ, ಒಡೆದ ಬಾಟಲಿಯ ಕುತ್ತಿಗೆ, ಮಸಾಲೆ ಪ್ಯಾಕೆಟ್. ಮನೆಯವರು ಕಡ್ಡಿಯಿಂದ ಬೂದಿ ಕೆದರಿದರೆ ಕೆಳಗೆ ಇನ್ನೂ ಬಿಸಿ ಇತ್ತು. ಒಲೆಯಿಂದ ಒಂದು ಮಾರು ದೂರಕ್ಕೆ ಒಣಹುಲ್ಲು ಶುರು. ಮಳೆ ನಿಂತು ಹೆಚ್ಚು ದಿನ ಆಗಿರಲಿಲ್ಲ, ಆವಾಗಲೇ ಹೀಗೆ. ಜನವರಿ ದಾಟಿ ತೇಗದ ಎಲೆ ಉದುರಿ ನೆಲವೆಲ್ಲ ತರಗೆಲೆಯಾದ ಮೇಲೆ ಇಂಥದ್ದೊಂದು ಒಲೆ ಸಾಕು. ನಮ್ಮ ಎರಡು ಬಾಟಲಿ ಕುಡಿಯುವ ನೀರು ಅಲ್ಲೇ ಸುರಿದು ಬಂದೆವು.

ಅಂದರೆ ಈಗ ಆಗಿರುವುದೇನು ನೋಡಿ. ಕೇಳಿಕೊಂಡು ಹೋಗಬೇಕು ಅನ್ನುವವರು ಮನೆಯಲ್ಲಿ ಕೂತಿದ್ದಾರೆ, ಕೇಳದವರು ಕಾಡಿನಲ್ಲಿ ಬಿರಿಯಾನಿ ಮಾಡುತ್ತಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹೊರಗಿನವರು ಅನುಮತಿ ಇಲ್ಲದೆ ವನ್ಯಧಾಮದೊಳಗೆ ಹೋಗುವ ಹಾಗಿಲ್ಲ, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವ ಹಾಗಂತೂ ಇಲ್ಲವೇ ಇಲ್ಲ. ಆದರೆ ಅನುಮತಿ ಕೊಡಬಹುದಾದ ಕಾರಣಗಳಲ್ಲಿ ಪ್ರವಾಸವೂ ಒಂದು ಅಂತ ಅದೇ ಕಾಯ್ದೆಯಲ್ಲಿದೆ. ಬಾಗಿಲು ಇದೆ, ಅದು ಎಲ್ಲಿದೆ ಅಂತ ಹೇಳುವವರು ಬೇಕು ಅಷ್ಟೇ.

ಇಟಾಸ್ಕಾದ ಹಾಗೆ ಇನ್ನೂರಕ್ಕೂ ಹೆಚ್ಚು ಟೆಂಟಿನ ಜಾಗ ಮಾಡಿ ಅಂತ ನಾನು ಕೇಳುತ್ತಿಲ್ಲ. ಅದು ಪಾರ್ಕು, ಇದು ಪ್ರಾಣಿಗಳ ಜಾಗ, ಅದರೊಳಗೆ ತಾಂಡಾಗಳೂ ಇವೆ, ತಲೆಮಾರಿನಿಂದ ಇರುವ ಜನ. ರೆಸಾರ್ಟು, ಡಿಜೆ, ಬಣ್ಣದ ಲೈಟು ಬಂದರೆ ನಾವೇ ಹೋಗುವುದಿಲ್ಲ. ಕಾಡಿನ ಅಂಚಿಗೆ ಎಂಟೋ ಹತ್ತೋ ಟೆಂಟಿನ ಜಾಗ ಗುರುತು ಮಾಡಲಿ, ಆಮೇಲೆ ಬಂದವರಿಗೆ ಇಲ್ಲ ಅನ್ನಲಿ. ಅಷ್ಟೂ ಆಗದು, ರಾತ್ರಿ ಯಾರೂ ಇರಕೂಡದು ಅಂತಿದ್ದರೆ ಅದನ್ನಾದರೂ ಬರೆದು ಹಾಕಲಿ, ನಾವು ಟೆಂಟ್ ಮಡಚಿಡುತ್ತೇವೆ.

ಬೆಂಕಿ ಇಲ್ಲದೆ ಊಟ ಹೇಗೆ ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಕಡೆಯವರಿಗೆ ಇದು ಪ್ರಶ್ನೆಯೇ ಅಲ್ಲ! ಕಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಇರುತ್ತದೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಇದ್ದರೆ ಎರಡು ದಿನ ಒಲೆಯ ಮುಖ ನೋಡಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ಕಡುಬು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಯಲಲ್ಲೇ ಕೂತು ಉಂಡು ಬರುವವರು ನಾವು. ಅಲ್ಲಿ ಮನೆಯಿಂದಲೇ ಎಲ್ಲ ಮಾಡಿಕೊಂಡು ಹೋಗುತ್ತೇವಲ್ಲ, ಹಾಗೆಯೇ ಇದು. ಚಹಾ ಥರ್ಮಾಸಿನಲ್ಲಿ.

ಇನ್ನೊಂದು ಮಾತು ಹೆಂಗಸಾಗಿ ಹೇಳಬೇಕು. ಇಂಥ ಕಡೆ ಹೋಗುವ ಮುಂಚೆ ಗಂಡಸರು ಪೆಟ್ರೋಲ್ ಕೇಳುತ್ತಾರೆ, ನಾವು ಶೌಚಾಲಯ ಕೇಳುತ್ತೇವೆ. ಅದು ಇದೆಯೋ ಇಲ್ಲವೋ ಗೊತ್ತಿಲ್ಲದೆ ಹೊರಟ ದಿನ ಬೆಳಿಗ್ಗೆಯಿಂದ ನೀರೇ ಕುಡಿಯದೆ ಹೋಗಿ ಬಂದ ಹೆಂಗಸರು ಎಷ್ಟು ಮಂದಿ ಇದ್ದಾರೆ, ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಹಾಗಾಗಿ ಸಂಬಂಧಪಟ್ಟವರಲ್ಲಿ ನಾವು ಕೇಳುವುದು ಕನ್ನಡದಲ್ಲಿ ಬರೆದ ಒಂದು ಹಾಳೆ ಅಷ್ಟೇ. ರಾತ್ರಿ ಉಳಿಯಬಹುದೋ ಇಲ್ಲವೋ, ಎಲ್ಲಿ, ಎಷ್ಟು ಜನ, ಎಷ್ಟು ದುಡ್ಡು, ಶೌಚಾಲಯ ಎಲ್ಲಿದೆ, ನೀರಿಗೆ ಇಳಿಯಬಹುದಾ, ಮತ್ತೆ ಎತ್ತುವಂಥ ಒಂದು ಫೋನ್ ನಂಬರ್. ಚಿಂಚೋಳಿ ಬಸ್‌ ನಿಲ್ದಾಣದಲ್ಲಿ, ಕಾಡಿನ ಗೇಟಿನಲ್ಲಿ ಅದನ್ನು ಹಚ್ಚಲಿ. ಅದಕ್ಕೂ ಮೊದಲು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸಲ ಅಚ್ಚಾದರೂ ನಮಗೆ ಸಾಕು, ರಜೆಗೆ ಇನ್ನೂ ಮೂರು ವಾರ ಇದೆ.

ಒಬ್ಬ ಓದುಗಿ,
ಕಲಬುರಗಿ