23 ಜನರೂ ಜೂನ್ 1ರ ಹುಟ್ಟುಹಬ್ಬವೂ

ಮಾನ್ಯರೇ,

ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂದು ಭಾನುವಾರದ ಪುರವಣಿಯ ಮೂಲೆಯಲ್ಲಿ ಎರಡು ಸಾಲು ಬರೆದು ಮುಗಿಸಿದ್ದೀರಿ. ಏಕೆ ಎಂಬುದಕ್ಕೆ ಜಾಗ ಸಿಕ್ಕಿಲ್ಲ. ಅದನ್ನೋದಿದ ನನ್ನ ಮೊಮ್ಮಗಳು ‘ಸುಳ್ಳು ತಾತ’ ಎಂದಳು. 365 ದಿನಗಳಿಗೆ 23 ಜನ ಎಲ್ಲಿ ಸಾಲುತ್ತಾರೆ ಎಂಬುದು ಅವಳ ತಕರಾರು.

ಅವಳು ತಲೆ ಎಣಿಸುತ್ತಿದ್ದಳು, ಎಣಿಸಬೇಕಾದದ್ದು ಜೋಡಿಗಳನ್ನು. 23 ಜನ ಒಬ್ಬರಿಗೊಬ್ಬರು ಒಮ್ಮೆ ಕೈ ಕುಲುಕಿದರೆ 253 ಸಲವಾಗುತ್ತದೆ. ಅಷ್ಟು ಜೋಡಿಗಳಲ್ಲಿ ಒಂದಾದರೂ ತಾಳೆಯಾಗುವ ಸಾಧ್ಯತೆ ಶೇ 50.7. ನನ್ನದೇ ದಿನಾಂಕದವರು ಸಿಗಬೇಕೆಂದು ಹಟ ಹಿಡಿದರೆ ಮಾತು ಬೇರೆ; ಅರ್ಧದಷ್ಟು ಸಾಧ್ಯತೆಗೇ ನನ್ನನ್ನು ಬಿಟ್ಟು 253 ಜನ ಬೇಕು.

ಆದರೆ ವರ್ಷದ ಎಲ್ಲ ದಿನವೂ ಜನ ಸಮವಾಗಿ ಹುಟ್ಟುತ್ತಾರೆಂದು ಈ ಲೆಕ್ಕ ನಂಬಿಕೊಂಡಿದೆ. ನಮ್ಮ ಹಳೆಯ ಶಾಲಾ ದಾಖಲಾತಿ ರಿಜಿಸ್ಟರ್ ತೆರೆದು ನೋಡಿದವರಿಗೆ ನಗು ಬಂದೀತು. ನಾನು ಕೆಲಸಕ್ಕೆ ಸೇರಿದ ಹಳ್ಳಿ ಶಾಲೆಯಲ್ಲಿ ಜನ್ಮದಿನಾಂಕದ ಕಲಂ ತುಂಬ 1-6, 1-6, 1-6. ‘ಕೆರೆ ಕೋಡಿ ಬಿದ್ದ ವರ್ಷ, ಕಾರಹುಣ್ಣಿಮೆ ಕಳೆದ ಮೂರನೇ ದಿನಕ್ಕೆ ಹುಟ್ಟಿದ್ದು ಸ್ವಾಮಿ’ ಎಂದು ತಾಯಿ ಹೇಳುವಳು. ಹೆಡ್‌ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಕಿವಿ ಮುಟ್ಟಿಸುವರು. ಮುಟ್ಟಿತೆಂದರೆ, ಶಾಲೆ ಶುರುವಾಗುವ ಜೂನ್ 1ಕ್ಕೆ ವಯಸ್ಸು ಸರಿಹೊಂದುವಂತೆ ದಿನಾಂಕ ಬಿದ್ದುಬಿಡುತ್ತಿತ್ತು. ಅದೇ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ. ಒಂದನೇ ತಾರೀಖು ಹುಟ್ಟಿದ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರಾದ್ದರಿಂದ ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಹಾರ ಶಾಲುಗಳಿಗೆ ಬರ. ನಾನೂ ಅಂಥದೊಂದು ಮೇ 31ರಂದು ಶಾಲು ಹೊದೆಸಿಕೊಂಡವನೇ. (ಹುಟ್ಟಿದ್ದು ಮಾಗಿಯ ಚಳಿಯಲ್ಲಿ ಎಂದು ಅವ್ವ ಹೇಳುತ್ತಿದ್ದಳು.)

ದಿನಾಂಕಗಳು ಹೀಗೆ ಒಂದೆಡೆ ಗುಂಪುಗೂಡಿದರೆ ತಾಳೆಯಾಗುವ ಸಾಧ್ಯತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆ ಹಳೆಯ ರಿಜಿಸ್ಟರಿಗೆ 23 ಜನ ಏಕೆ, ಒಂದು ಬೆಂಚಿನ ಮಕ್ಕಳೇ ಸಾಕಿತ್ತು.

ದಯವಿಟ್ಟು ಆ ಮೂಲೆಯನ್ನು ನಾಲ್ಕು ಸಾಲು ಹಿಗ್ಗಿಸಿ, ಜೋಡಿ ಎಣಿಸುವ ಬಗೆಯನ್ನೂ ಅಚ್ಚು ಹಾಕಿ. ಮೊಮ್ಮಗಳ ತರಗತಿಯಲ್ಲಿ 40 ಮಕ್ಕಳಿದ್ದಾರೆ, ಎಲ್ಲರದೂ ಜನನ ಪ್ರಮಾಣಪತ್ರದ ದಿನಾಂಕ. ಲೆಕ್ಕದ ಪ್ರಕಾರ ಸಾಧ್ಯತೆ ಶೇ 89. ಸೋಮವಾರ ಎಲ್ಲರನ್ನೂ ಕೇಳಿಕೊಂಡು ಬರುತ್ತೇನೆ ಎಂದಿದ್ದಾಳೆ.

– ನಿವೃತ್ತ ಗಣಿತ ಶಿಕ್ಷಕ, ಚನ್ನರಾಯಪಟ್ಟಣ