ಬೀಗದ ಕೈ ಹಿಡಿದು ಊರಲ್ಲೇ ಉಳಿದವರಿಗೆ

ನಾಳೆ ರಂಗತಂಡಗಳನ್ನು ನಡೆಸಬೇಕಾದವರಿಗಾಗಿ ಇದ್ದ, ಶಿಬಿರದಲ್ಲಿ ಕಲಿತು ಬೇರೊಂದು ಸಂಸ್ಥೆಯಲ್ಲಿ ಒಂದು ತಿಂಗಳು ಕೆಲಸ ಮಾಡುವ ಈ ಸಾಲಿನ ನಿರ್ವಹಣಾ ಫೆಲೋಶಿಪ್ ಮುಗಿಯಿತು. ಪ್ರಮಾಣಪತ್ರ ಪಡೆದವರಿಗೆ ಅಭಿನಂದನೆಗಳು ಸಂದಿವೆ. ಈ ಬರಹ ಮಾತ್ರ ಅವರನ್ನು ಕಳಿಸಿಕೊಟ್ಟು, ತಂಡದ ಬೀಗದ ಕೈ ಹಿಡಿದು ಊರಲ್ಲೇ ಉಳಿದವರಿಗೆ. ನಿಮಗೆ ನಮ್ಮೆಲ್ಲರ ನಮಸ್ಕಾರ.

ಹವ್ಯಾಸಿ ತಂಡಗಳ ಸ್ಥಿತಿ ಬಲ್ಲವರಿಗೆ ಇದರ ಬೆಲೆ ಗೊತ್ತು. ಹಾಲ್ ಬುಕ್ ಮಾಡುವುದು, ಕಲಾವಿದರಿಗೆ ಫೋನ್ ಮಾಡುವುದು, ಅನುದಾನದ ಅರ್ಜಿ ಬರೆಯುವುದು, ವೋಚರ್ ಅಂಟಿಸುವುದು ಎಲ್ಲವೂ ಒಬ್ಬರ ತಲೆಯ ಮೇಲೆಯೇ. ಅವರು ಹತ್ತು ದಿನ ಶಿಬಿರಕ್ಕೆ ಹೋದರೆ ತಾಲೀಮೇ ನಿಂತುಬಿಡುತ್ತದೆ. ಅದಕ್ಕಾಗಿಯೇ ಹೊರಡುವ ಮುಂಚೆ ಪ್ರತಿ ತಂಡವೂ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಕೆಲಸ ಬರೆದು ಒಪ್ಪಿಸಬೇಕೆಂಬ ನಿಯಮವಿತ್ತು. ಕರೆಂಟು ಬಿಲ್ಲಿನ ತಾರೀಖು, ಯಾವ ಹಾಲಿಗೆ ಎಷ್ಟು ಮುಂಗಡ ಹೋಗಿದೆ, ಸಂಘದ ವಾರ್ಷಿಕ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸುವ ಗಡುವು, ಮಳೆಗಾಲದಲ್ಲಿ ಯಾವ ಟ್ರಂಕಿನ ವೇಷಭೂಷಣವನ್ನು ಬಿಸಿಲಿಗೆ ಹಾಕಬೇಕು, ಎಲ್ಲವೂ ಅದರಲ್ಲಿರಬೇಕು.

ಹೀಗೆ ಬರೆದರೂ ಎಡವಟ್ಟಾಗುವುದು ಬ್ಯಾಂಕಿನ ವಿಷಯದಲ್ಲೇ. ಖಾತೆಗೆ ಮೂವರ ಸಹಿ ಇದ್ದು, ಇಬ್ಬರದ್ದು ಸಾಕು ಎಂದಿದ್ದರೂ ಒಟಿಪಿ ಬರುವುದು ಒಂದೇ ಫೋನಿಗೆ. ಆ ಫೋನ್ ಸಿಗ್ನಲ್ ಸಿಗದ ಊರಿನ ಶಿಬಿರದಲ್ಲಿದ್ದರೆ ಲೈಟಿನವರಿಗೆ ಹಣ ಹೋಗುವುದಿಲ್ಲ, ಮುಂದಿನ ಪ್ರದರ್ಶನಕ್ಕೆ ಅವರು ಬರುವುದೂ ಇಲ್ಲ. ಸಮಿತಿಯ ಠರಾವು, ಹೊಸಬರ ಕೆವೈಸಿ, ನಂಬರಿನ ಬದಲಾವಣೆ ಇವೆಲ್ಲ ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಬ್ಯಾಂಕಿಗೆ ತಲುಪಿರಬೇಕು. ಇದಕ್ಕಾಗಿ ಕೆಲಸಕ್ಕೆ ರಜೆ ಹಾಕಿ ಕೌಂಟರಿನ ಮುಂದೆ ನಿಂತ ಖಜಾಂಚಿಗಳಿಗೆ ವಿಶೇಷ ಕೃತಜ್ಞತೆ.

ಲೆಕ್ಕ ಕಲಿಸಿದ ಲೆಕ್ಕಪರಿಶೋಧಕರ ಋಣ ದೊಡ್ಡದು. ಒಂದು ಉದಾಹರಣೆಯ ಮೂಲಕವೇ ಅವರು ತಂಡಗಳ ಬಜೆಟ್ಟಿನ ಹುಳುಕನ್ನು ತೋರಿಸಿಕೊಟ್ಟರು. ಹಾಲ್ ಬಾಡಿಗೆ 8,000, ಬೆಳಕು-ಧ್ವನಿ 7,000, ವ್ಯಾನು 4,000, ಊಟ-ತಿಂಡಿ 3,000, ಪ್ರಸಾಧನ ಮತ್ತು ಪರಿಕರ 2,500, ಪೋಸ್ಟರ್ 1,500. ಒಟ್ಟು 26,000 ರೂಪಾಯಿ. 200 ಸೀಟು, 150 ರೂಪಾಯಿ ಟಿಕೆಟ್ ಎಂದರೆ 30,000. ನಾಲ್ಕು ಸಾವಿರ ಉಳಿಯಿತೆಂದು ಎಲ್ಲರಿಗೂ ಸಮಾಧಾನ. ಆದರೆ 120 ಸೀಟು ಮಾತ್ರ ತುಂಬಿದರೆ ಬರುವುದು 18,000. ಅಲ್ಲಿಗೆ 8,000 ಕೊರತೆ. ಹನ್ನೆರಡು ಕಲಾವಿದರಿಗೆ ತಲಾ 500 ರೂಪಾಯಿ ಗೌರವಧನ ಕೊಡುವುದಾದರೆ ಇನ್ನೂ 6,000. ನಲವತ್ತು ದಿನದ ತಾಲೀಮಿನ ಕೋಣೆಗೆ ದಿನಕ್ಕೆ 200ರಂತೆ ಆಗುವ 8,000 ಬಾಡಿಗೆಯನ್ನು ನಾಲ್ಕು ಪ್ರದರ್ಶನಗಳಿಗೆ ಹಂಚಿದರೆ ತಲಾ 2,000. ನಿಜವಾದ ಕೊರತೆ ಪ್ರತಿ ಪ್ರದರ್ಶನಕ್ಕೆ 16,000. ಇಷ್ಟು ದಿನ ಅದರಲ್ಲಿ ಅರ್ಧವನ್ನು ಕೊಡುತ್ತಿದ್ದವರು ಸಂಭಾವನೆ ಕೇಳದ ಕಲಾವಿದರು, ಕೋಣೆಯ ಬಾಡಿಗೆ ಕೇಳದ ಮನೆಯವರು. ಬಜೆಟ್ಟಿನಲ್ಲಿ ಬರೆಯದ ಖರ್ಚನ್ನು ಯಾವ ದಾನಿಯೂ ಕೊಡುವುದಿಲ್ಲ ಎಂಬುದು ಅಂದು ಎಲ್ಲರಿಗೂ ಅರ್ಥವಾಯಿತು.

ಇಂಥ ಕಲಿಕೆಗೆ ದಾರಿ ಮಾಡಿಕೊಟ್ಟವರನ್ನೂ ನೆನೆಯಬೇಕು. ದೊಡ್ಡ ಸಾಂಸ್ಕೃತಿಕ ಸಂಸ್ಥೆಗಳನ್ನು ಮುನ್ನಡೆಸಲು ತಕ್ಕವರು ಸಿಗುತ್ತಿಲ್ಲವೆಂಬ ಚಿಂತೆಯಿಂದ ಬ್ರಿಟನ್ನಿನಲ್ಲಿ ಕ್ಲೋರ್ ಡಫೀಲ್ಡ್ ಫೌಂಡೇಶನ್ ಎಂಬ ದಾನಸಂಸ್ಥೆ ಒಂದು ಫೆಲೋಶಿಪ್ ಕಾರ್ಯಕ್ರಮ ಕಟ್ಟಿತು. ಅಲ್ಲಿನ ಸಂಸ್ಕೃತಿ ಸಚಿವರಾಗಿದ್ದ ಕ್ರಿಸ್ ಸ್ಮಿತ್ ಅದರ ಮೊದಲ ನಿರ್ದೇಶಕರು. ಫೆಲೋಗಳ ಮೊದಲ ತಂಡ 2004ರಲ್ಲಿ ಶುರುವಾಯಿತು. ಒಟ್ಟಿಗೆ ಉಳಿದು ಕಲಿಯುವ ಶಿಬಿರ, ಒಬ್ಬ ಮಾರ್ಗದರ್ಶಕರು, ಪರಿಚಯವಿಲ್ಲದ ಸಂಸ್ಥೆಯೊಂದರಲ್ಲಿ ಕೆಲವು ಕಾಲ ಕೆಲಸ, ಇವು ಅದರ ತಿರುಳು. ನಮ್ಮಲ್ಲಿ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಇಂಡಿಯಾ ಥಿಯೇಟರ್ ಫೋರಂ ಮತ್ತು ಜುನೂನ್ ಎಂಬ ಮೂರು ಕಲಾಸಂಸ್ಥೆಗಳು ಸೇರಿ 2015ರಲ್ಲಿ ರಂಗಭೂಮಿಗಾಗಿಯೇ 'ಸ್ಮಾರ್ಟ್' ಎಂಬ ನಿರ್ವಹಣಾ ಕಾರ್ಯಕ್ರಮ ಆರಂಭಿಸಿದವು. ಕನ್ನಡದಲ್ಲಿ ನಟನೆಯ ತರಬೇತಿಗೆ ಕೊರತೆಯಿರಲಿಲ್ಲ. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದಲೇ ಇದೆ. ನಿರ್ವಹಣೆಯ ಜ್ಞಾನವೂ ಇತ್ತು. ನೂರಾರು ಜನರ ಬಿಡಾರ ಹೊತ್ತು ಮೊಕ್ಕಾಂನಿಂದ ಮೊಕ್ಕಾಂಗೆ ಹೋದ ಗುಬ್ಬಿ ನಾಟಕ ಕಂಪನಿ ಅದಿಲ್ಲದೆ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಆ ತಿಳಿವಳಿಕೆ ಕಂಪನಿಗಳ ಜೊತೆಗೇ ಕರಗಿತು. ಅದನ್ನು ಮತ್ತೆ ಪಾಠವಾಗಿಸಿದವರಿಗೆ ನಾವು ಋಣಿಗಳು.

ಇಂಥ ನಿರ್ವಹಣಾ ಫೆಲೋಶಿಪ್‌ಗೆ ಅರ್ಜಿ ಹಾಕುವವರು ಒಂದು ವ್ಯತ್ಯಾಸ ಗಮನಿಸಲಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಸೀನಿಯರ್ ಮತ್ತು ಜೂನಿಯರ್ ಫೆಲೋಶಿಪ್ (ಎರಡು ವರ್ಷ, ತಿಂಗಳಿಗೆ 20,000 ಮತ್ತು 10,000 ರೂಪಾಯಿ) ಸಂಶೋಧನೆಗೆ ಇರುವಂಥದ್ದು. ತರಬೇತಿ ಪಡೆಯಲು, ಕಾರ್ಯಾಗಾರ ನಡೆಸಲು ಅದು ಸಿಗುವುದಿಲ್ಲ. ಒಂದಕ್ಕೆ ಬರೆದ ಅರ್ಜಿಯನ್ನೇ ಇನ್ನೊಂದಕ್ಕೆ ಕಳಿಸಿ ಎಷ್ಟೋ ಒಳ್ಳೆಯ ಅಭ್ಯರ್ಥಿಗಳು ಅವಕಾಶ ಕಳೆದುಕೊಳ್ಳುತ್ತಾರೆ.

ಶಿಫಾರಸು ಪತ್ರ ಬರೆದ ಹಿರಿಯರೇ, ನಿಮ್ಮ ಪತ್ರಗಳೇ ಹಲವರನ್ನು ಒಳಗೆ ತಂದವು. 'ಶ್ರಮಜೀವಿ, ಸಜ್ಜನ' ಎಂಬ ಪತ್ರ ಆಯ್ಕೆ ಸಮಿತಿಗೆ ಏನನ್ನೂ ಹೇಳುವುದಿಲ್ಲ. 'ದಾನಿ ಕೈಕೊಟ್ಟಾಗ ಮೂರು ಪ್ರದರ್ಶನಗಳನ್ನು ಎರಡಕ್ಕಿಳಿಸಿ ಎಲ್ಲರ ಗೌರವಧನ ಉಳಿಸಿದಳು' ಎಂಬಂಥ ಒಂದು ಸಾಲು ಹೇಳುತ್ತದೆ. ಅಂಥ ಸಾಲು ಬೇಕಿದ್ದರೆ ಅಭ್ಯರ್ಥಿಗಳು ಮೂರು ವಾರ ಮೊದಲೇ ಕೇಳಬೇಕು. ಮಾಡಿದ ಕೆಲಸದ ಒಂದು ಪುಟದ ವಿವರವನ್ನೂ ಜೊತೆಗಿಡಬೇಕು. ಕೊನೆಯ ದಿನ ಕೇಳಿದವರಿಗೂ ಬೇಸರಿಸದೆ ಬರೆದುಕೊಟ್ಟಿದ್ದೀರಿ.

ಕರಾವಳಿಯ ಯಕ್ಷಗಾನ ಮೇಳಗಳ ಯಜಮಾನರಿಗೆ ಬೇರೆಯೇ ಕೃತಜ್ಞತೆ. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಮೇಳಕ್ಕೆ ಬಿಡುವಿಲ್ಲ. ಆ ಅವಧಿಯಲ್ಲಿ ಶಿಬಿರ ಇಟ್ಟರೆ ಮೇಳದವರು ಯಾರೂ ಬರಲಾರರು. ಶಿಬಿರವನ್ನು ಮಳೆಗಾಲಕ್ಕೆ ಸರಿಸಿ ಎಂದು ಮೊದಲೇ ಎಚ್ಚರಿಸಿದ್ದು ನೀವು.

ಫೆಲೋಗಳಿಗೆ ಒಂದು ತಿಂಗಳು ಜಾಗ ಕೊಟ್ಟ ವಸ್ತುಸಂಗ್ರಹಾಲಯ, ಗ್ರಂಥಾಲಯಗಳಿಗೂ ಧನ್ಯವಾದ. ಹೊಸಬರನ್ನು ಅತಿಥಿಯಂತೆ ಕೂರಿಸುವುದು ಅಥವಾ ಜೆರಾಕ್ಸ್ ಮಾಡಿಸುವುದು, ಎರಡರಲ್ಲೂ ಕಲಿಕೆಯಿಲ್ಲ. ಒಂದೇ ಪುಟದ ಒಪ್ಪಂದ, ಅದರಲ್ಲಿ ಮುಗಿಸಬಹುದಾದ ಒಂದೇ ಕೆಲಸ, ವಾರಕ್ಕೊಮ್ಮೆ ಮುಖ್ಯಸ್ಥರೊಡನೆ ಒಂದು ಗಂಟೆ: ಇದನ್ನು ಪಾಲಿಸಿದ ಕಡೆ ಫಲ ಕಾಣುವಂತಿತ್ತು.

ಮರಳಿ ಬಂದವರ ಉತ್ಸಾಹವನ್ನು ತಾಳಿಕೊಂಡವರೂ ಊರಲ್ಲಿದ್ದ ನೀವೇ. ಶಿಬಿರದಿಂದ ತಂದ ಇಡೀ ಯೋಜನೆಯನ್ನು ಮೊದಲ ಸಭೆಯಲ್ಲೇ ಮುಂದಿಟ್ಟರೆ ತಂಡ ಬೆನ್ನು ತಿರುಗಿಸುತ್ತದೆ. ಬಿಟ್ಟುಹೋದವರು ಬಂದು ಬುದ್ಧಿ ಹೇಳುತ್ತಿದ್ದಾರೆ ಅನಿಸುತ್ತದೆ. ಮೊದಲ ಮೂರು ತಿಂಗಳು ಒಂದೇ ಬದಲಾವಣೆ ಸಾಕು ಎಂದು ಫೆಲೋಗಳಿಗೆ ಹೇಳಿದ್ದೇವೆ. ಹೆಚ್ಚಿನವರು ವೋಚರ್ ಫೈಲಿನಿಂದ ಶುರು ಮಾಡಿದ್ದಾರೆ.

ನಿಮ್ಮ ದುಡಿಮೆಗೆ ಈ ಸಲ ಒಂದು ರೂಪಾಯಿಯೂ ಸಂದಿಲ್ಲ. ಮುಂದಿನ ಸಾಲಿನ ಅರ್ಜಿ ನಮೂನೆಯಲ್ಲಿ ಊರಲ್ಲುಳಿದು ತಂಡ ನಡೆಸುವವರ ಹೆಸರಿಗೆ ಒಂದು ಅಂಕಣ, ಬಜೆಟ್ಟಿನಲ್ಲಿ ಅವರ ಗೌರವಧನಕ್ಕೆ ಒಂದು ಬಾಬ್ತು ಸೇರಿಸುತ್ತಿದ್ದೇವೆ. ಮೊತ್ತ ಎಷ್ಟಿರಬೇಕು ಎಂಬುದನ್ನು ನೀವೇ ಬರೆದು ತಿಳಿಸಿ.