ಸಿಸ್ಟರ್ ಮೊದಲು ಯಾರ ಬಳಿ ಹೋಗಬೇಕು?

ಮಾನ್ಯರೇ,

ವಾರ್ಡಿನಲ್ಲಿ ನರ್ಸ್ ಮೊದಲು ಯಾರ ಬಳಿ ಹೋಗಬೇಕು ಎಂಬುದನ್ನು ರೋಗಿಯ ಸ್ಥಿತಿ ತೀರ್ಮಾನಿಸಬೇಕು, ಸಂಬಂಧಿಕರ ಕೂಗಾಟ ಅಲ್ಲ. ಕಳೆದ ತಿಂಗಳು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಅಪ್ಪನ ಜೊತೆ ನಾಲ್ಕು ರಾತ್ರಿ ಕಳೆದೆ. ಸಲೈನ್ ಬಾಟಲಿ ಮುಗಿಯಿತೆಂದು ನಾನೂ ಸೇರಿ ಮೂವರು ಒಂದೇ ಸಮನೆ ಕರೆಯುತ್ತಿದ್ದೆವು. ಸಿಸ್ಟರ್ ಮಾತ್ರ ಮೂಲೆಯಲ್ಲಿ ಸುಮ್ನೆ ಮಲಗಿದ್ದ ಅಜ್ಜಿಯ ಬಳಿ ಓಡಿದರು. ತಲೆ ಎತ್ತರಿಸಿ ಕೂರಿಸಿದರು, ಬೆರಳಿಗೆ ಕ್ಲಿಪ್ ಹಾಕಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೋಡಿದರು, ಆಕ್ಸಿಜನ್ ಹಚ್ಚಿದರು. ಆಮೇಲೆ ನಮ್ಮ ಕಡೆ ಬಂದರು. ಆಗ ನನಗೆ ಸಿಟ್ಟು ಬಂದಿತ್ತು. ಆದರೆ ಅವರು ಮಾಡಿದ್ದೇ ಸರಿ. ಉಸಿರಾಟದ ತೊಂದರೆ ಮೊದಲು, ಉಳಿದದ್ದು ಆಮೇಲೆ ಎಂಬುದು ಅವರು ಕಲಿತ ಪಾಠ. ಕೂಗಲೂ ಶಕ್ತಿ ಇಲ್ಲದವರಿಗೇ ಅಪಾಯ ಜಾಸ್ತಿ ಅಲ್ವಾ?

ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನದಂಡದಂತೆ ವೈದ್ಯಕೀಯ ಕಾಲೇಜಿಗೆ ಸೇರದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲೂ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ನಾವಿದ್ದ ವಾರ್ಡಿನ 20ಕ್ಕೂ ಹೆಚ್ಚು ಮಂಚಗಳಿಗೆ ರಾತ್ರಿ ಇದ್ದವರು ಒಬ್ಬರೇ. ಇಂಜೆಕ್ಷನ್, ಮಾತ್ರೆ, ಚಾರ್ಟ್ ಬರೆಯುವುದು ಎಲ್ಲ ಅವರ ತಲೆ ಮೇಲೆಯೇ.

ಜಿಲ್ಲಾಡಳಿತ ರಾತ್ರಿ ಪಾಳಿಗೆ ನರ್ಸ್‌ಗಳನ್ನು ಹೆಚ್ಚಿಸಲಿ. ‘ತುರ್ತು ಇರುವವರಿಗೆ ಮೊದಲು ಚಿಕಿತ್ಸೆ’ ಎಂಬ ಫಲಕವನ್ನು ಪ್ರತಿ ವಾರ್ಡಿನ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಲಿ.

– ಓದುಗ, ರಾಯಚೂರು